ವಿಐಎನ್ ಚಿಕಿತ್ಸೆ ಎಷ್ಟು ಆಳಕ್ಕೆ ಹೋಗಬೇಕು? ಬಯಾಪ್ಸಿಯಿಂದ ಫಾಲೋಅಪ್‌ವರೆಗೆ, ಹಂತ ಹಂತವಾಗಿ

ಯೋನಿಯ ಹೊರಭಾಗದ ಚರ್ಮದಲ್ಲಿ ವಿಐಎನ್ (ಕ್ಯಾನ್ಸರ್ ಆಗುವ ಮೊದಲಿನ ಹಂತದ ಬದಲಾವಣೆ) ಇದೆ ಎಂದು ಗೊತ್ತಾದವರು ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ. ಕೆಲವರು ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ, ಇಲ್ಲದೆಯೇ ಸುಡಿಸಿಕೊಳ್ಳುತ್ತಾರೆ. ಕೆಲವರು ಮೇಲ್ಮೇಲೆ ಲೇಸರ್ ಮಾಡಿಸಿಕೊಂಡು, ಸ್ವಲ್ಪ ದಿನದಲ್ಲೇ ಅದೇ ಜಾಗದಲ್ಲಿ ಮತ್ತೆ ಎದ್ದಿದೆ ಎಂದು ಬರುತ್ತಾರೆ. ಇನ್ನು ಕೆಲವರು ಹೆದರಿ, "ಕ್ಯಾನ್ಸರ್ ಆಗೋಕೆ ಮೊದಲೇ ಎಲ್ಲಾ ತೆಗೆದುಬಿಡಿ" ಎಂದು ಬೇಕಾದ್ದಕ್ಕಿಂತ ದೊಡ್ಡ ಆಪರೇಶನ್‌ಗೆ ಒಪ್ಪಿಬಿಡುತ್ತಾರೆ. ಮೂರು ಸಂದರ್ಭದಲ್ಲೂ ಆಗಿರುವುದು ಒಂದೇ. ಎಷ್ಟು ಆಳ ಹೋಗಬೇಕು, ಯಾಕೆ ಅಷ್ಟೇ ಹೋಗಬೇಕು ಎಂದು ಯಾರೂ ಕೂರಿಸಿ ಹೇಳಿಲ್ಲ.

ಈ ಬರಹ ವರದಿ ಕೈಯಲ್ಲಿ ಹಿಡಿದ ಹೆಂಗಸರಿಗೆ, ಅವರ ಜೊತೆ ಆಸ್ಪತ್ರೆಗೆ ಹೋಗುವವರಿಗೆ. ಇಂಥವರನ್ನು ಮೊದಲು ನೋಡುವ ಊರಿನ ವೈದ್ಯರಿಗೂ ಉಪಯೋಗಕ್ಕೆ ಬರಬಹುದು. ಚಿಕಿತ್ಸೆ ಮಾಡುವುದು ತಜ್ಞರ ಕೆಲಸ. ಆದರೆ ಸರಿಯಾದ ಪ್ರಶ್ನೆ ಕೇಳುವುದು ನಿಮ್ಮ ಕೈಯಲ್ಲಿದೆ.

ವಿಐಎನ್ ಅಂದರೆ ಮೇಲ್ಚರ್ಮದ ಜೀವಕೋಶಗಳು ಕ್ಯಾನ್ಸರಿನ ದಾರಿ ಹಿಡಿದಿವೆ, ಆದರೆ ಮೇಲ್ಚರ್ಮದ ತಳದ ಪೊರೆಯನ್ನು ಇನ್ನೂ ದಾಟಿಲ್ಲ. ಇದು ಕ್ಯಾನ್ಸರ್ ಅಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ತೀವ್ರ ದರ್ಜೆಯ ವಿಐಎನ್ ಇದ್ದು ಚಿಕಿತ್ಸೆ ಪಡೆಯದೇ ಇದ್ದವರಲ್ಲಿ ಸುಮಾರು 9% ಮಂದಿಗೆ ಅದು ಕ್ಯಾನ್ಸರ್ ಆಗಿತ್ತು.

## ಶುರು ಮಾಡುವ ಮೊದಲು: ನಾಲ್ಕು ಮಿಲಿಮೀಟರ್ ಲೆಕ್ಕ, ನಾಲ್ಕೂ ಬೇರೆ

ಜಾಸ್ತಿ ಗೊಂದಲ ಆಗುವುದು ಇಲ್ಲೇ. ವೈದ್ಯರು, ವರದಿ, ಇಂಟರ್‌ನೆಟ್ ಎಲ್ಲರೂ ಮಿಲಿಮೀಟರ್‌ನಲ್ಲೇ ಮಾತಾಡುತ್ತಾರೆ. ಆದರೆ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿ.

ಮೊದಲನೆಯದು ಬಯಾಪ್ಸಿ ಪಂಚ್‌ನ (ತುಣುಕು ತೆಗೆಯುವ ದುಂಡು ಬಾಯಿಯ ಸಲಕರಣೆ) ಅಗಲ. ಇದು ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಪರೀಕ್ಷೆಗೆ ತೆಗೆಯುವ ತುಣುಕಿನ ಗಾತ್ರ ಅಷ್ಟೇ, ಕಾಯಿಲೆಯ ಗಾತ್ರ ಅಲ್ಲ.

ಎರಡನೆಯದು ಕ್ಯಾನ್ಸರ್ ಒಳಗೆ ಇಳಿದಿರುವ ಆಳ. ವಿಐಎನ್‌ನಲ್ಲಿ ಇದು ಸೊನ್ನೆ. ಕ್ಯಾನ್ಸರ್ ಆಗಿದ್ದರೆ ಮಾತ್ರ ಈ ಲೆಕ್ಕ ಬರುತ್ತದೆ. ಅಲ್ಲಿ ಗಡಿ 1 ಮಿ.ಮೀ. ಅದಕ್ಕಿಂತ ಆಳ ಇಳಿದಿದ್ದರೆ ತೊಡೆಸಂದಿನ ದುಗ್ಧಗ್ರಂಥಿಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಮೂರನೆಯದು ಚಿಕಿತ್ಸೆಯ ಆಳ, ಅಂದರೆ ಚರ್ಮವನ್ನು ಎಷ್ಟು ಕೆಳಗಿನವರೆಗೆ ನಾಶ ಮಾಡಬೇಕು ಅಥವಾ ತೆಗೆಯಬೇಕು ಎನ್ನುವುದು. ಈ ಬರಹದ ಮುಖ್ಯ ವಿಷಯ ಇದೇ.

ನಾಲ್ಕನೆಯದು ಅಂಚು, ವೈದ್ಯರ ಮಾತಲ್ಲಿ ಮಾರ್ಜಿನ್. ಕಣ್ಣಿಗೆ ಕಾಣುವ ಮಚ್ಚೆಯ ಸುತ್ತ ಎಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿಕೊಳ್ಳಬೇಕು ಎನ್ನುವ ಅಳತೆ. ಸಾಮಾನ್ಯವಾಗಿ 5ರಿಂದ 10 ಮಿ.ಮೀ.

"ಡಾಕ್ಟ್ರು 5 ಮಿಲಿಮೀಟರ್ ಅಂದ್ರು" ಎಂದು ಯಾರಾದರೂ ಹೇಳಿದರೆ, ಯಾವ 5 ಎಂದು ಕೇಳಿ. ಅಂಚಿನ 5 ಮಿ.ಮೀ.ಯನ್ನು ಆಳ ಎಂದು ತಿಳಿದು ಭಯಪಟ್ಟು ಚಿಕಿತ್ಸೆಯನ್ನೇ ಬಿಡುವವರಿದ್ದಾರೆ.

## ಹಂತ 1: ಟ್ಯೂಬ್ ಹಚ್ಚುವುದು ನಿಲ್ಲಿಸಿ, ಬೆಳಕಲ್ಲಿ ನೋಡಿಸಿಕೊಳ್ಳಿ

ವಿಐಎನ್‌ನ ಮೊದಲ ದೂರು ಹೆಚ್ಚಿನವರಲ್ಲಿ ತುರಿಕೆ. ಉರಿ, ನೋವು, ಮೂತ್ರ ತಾಗಿದಾಗ ಚುರುಗುಟ್ಟುವುದು ಕೂಡ ಇರಬಹುದು. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಚರ್ಮ ಬಿಳಿ, ಕೆಂಪು, ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿ, ಸ್ವಲ್ಪ ಉಬ್ಬಿ, ಮುಟ್ಟಿದರೆ ಒರಟಾಗಿ ಸಿಗುತ್ತದೆ.

ನಮ್ಮಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. ಹಾಗಾಗಿ ಮೆಡಿಕಲ್ ಶಾಪ್‌ನಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಎಂದು ಟ್ಯೂಬ್ ತರುತ್ತಾರೆ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯಾಟಿಕ್ ಮೂರೂ ಕಲೆಸಿರುತ್ತಾರೆ. ಸ್ಟೀರಾಯ್ಡ್ ತುರಿಕೆಯನ್ನು ಕೆಲವು ದಿನ ತಗ್ಗಿಸುತ್ತದೆ, ಮಚ್ಚೆಯ ರೂಪವನ್ನೂ ಬದಲಿಸುತ್ತದೆ. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ. ಹೀಗೆ ವರ್ಷಗಳೇ ಕಳೆದುಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಒಂದು ಎಚ್ಚರಿಕೆ. ಲೈಕನ್ ಸ್ಕ್ಲೆರೋಸಸ್ ಎಂಬ ಬಿಳಿ ಚರ್ಮದ ಕಾಯಿಲೆಗೆ ತಜ್ಞರೇ ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟಿದ್ದರೆ ಅದನ್ನು ನಿಲ್ಲಿಸಬೇಡಿ. ಅದು ಬೇಕಾದ ಔಷಧಿ. ನಾನು ಹೇಳುತ್ತಿರುವುದು ಯಾರೂ ನೋಡದೆ, ಯಾರೂ ಬರೆಯದೆ ಹಚ್ಚುವ ಟ್ಯೂಬ್‌ಗಳ ಬಗ್ಗೆ.

ತಡ ಮಾಡದೆ ತೋರಿಸಬೇಕಾದ ಲಕ್ಷಣಗಳು: ವಾಸಿಯಾಗದ ಹುಣ್ಣು, ಮುಟ್ಟಿದರೆ ರಕ್ತ ಬರುವುದು, ಗಟ್ಟಿ ಗಂಟು, ಬೇಗ ಬೆಳೆಯುವ ಅಥವಾ ಬಣ್ಣ ಬದಲಿಸುವ ಕಪ್ಪು ಮಚ್ಚೆ, ತೊಡೆಸಂದಿನಲ್ಲಿ ಊತ, ಋತು ನಿಂತ ಮೇಲೆ ಎದ್ದ ನರುಳೆ (ನರಹುಲಿ). ವಯಸ್ಸಾದವರಲ್ಲಿ ಹೊಸದಾಗಿ ಬಂದ "ನರುಳೆ"ಯನ್ನು ಬಯಾಪ್ಸಿ ಇಲ್ಲದೆ ನರುಳೆ ಎಂದು ನಂಬುವ ಹಾಗಿಲ್ಲ.

## ಹಂತ 2: ಬಯಾಪ್ಸಿ. ಇದಕ್ಕೆ ಬದಲಿ ಇಲ್ಲ

ಕಣ್ಣಿಗೆ ಕಂಡ ಮಾತ್ರಕ್ಕೆ ವಿಐಎನ್ ಎಂದು ತೀರ್ಮಾನಿಸಲು ಆಗುವುದಿಲ್ಲ. ಲೈಕನ್ ಸ್ಕ್ಲೆರೋಸಸ್, ನರುಳೆ, ಪೇಜೆಟ್ ಎಂಬ ಇನ್ನೊಂದು ಚರ್ಮದ ಕಾಯಿಲೆ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಲ್ಲವೂ ಒಂದನ್ನೊಂದು ಹೋಲಬಹುದು.

ಬೇಕಾಗುವ ಸಾಮಾನು ಬಹಳ ಇಲ್ಲ. ಒಳ್ಳೆಯ ಬೆಳಕು, ಕಾಲ್ಪೋಸ್ಕೋಪ್ (ಜಾಗವನ್ನು ದೊಡ್ಡದಾಗಿ ತೋರಿಸುವ ಉಪಕರಣ) ಅಥವಾ ಕೈಯಲ್ಲಿ ಹಿಡಿಯುವ ಭೂತಗನ್ನಡಿ, 3ರಿಂದ 5% ಅಸಿಟಿಕ್ ಆಮ್ಲ, ಜಾಗ ಮರಗಟ್ಟಿಸಲು ಲಿಗ್ನೋಕೇನ್, ಪಂಚ್, ಫಾರ್ಮಲಿನ್ ಬಾಟಲಿ. ಅಸಿಟಿಕ್ ಆಮ್ಲ ಹಚ್ಚಿ ಹಲವು ನಿಮಿಷ ಕಾಯಬೇಕು. ಗರ್ಭಕಂಠದಲ್ಲಿ ಬೇಗ ಬೆಳ್ಳಗಾಗುತ್ತದೆ, ಹೊರಚರ್ಮ ದಪ್ಪ ಇರುವುದರಿಂದ ಇಲ್ಲಿ ಸಮಯ ಜಾಸ್ತಿ ಹಿಡಿಯುತ್ತದೆ. ಬೆಳ್ಳಗಾದದ್ದೆಲ್ಲ ವಿಐಎನ್ ಅಲ್ಲ ಎನ್ನುವುದೂ ನೆನಪಿರಲಿ. ತುರಿಸಿಕೊಂಡು ಕೆರೆದ ಚರ್ಮವೂ ಬೆಳ್ಳಗಾಗುತ್ತದೆ.

ತುಣುಕು ಎಲ್ಲಿಂದ ತೆಗೆಯಬೇಕು? ಅತಿ ದಪ್ಪ ಇರುವ, ಅತಿ ಅನುಮಾನ ಹುಟ್ಟಿಸುವ ಜಾಗದಿಂದ. ಹುಣ್ಣಿದ್ದರೆ ಅದರ ಅಂಚಿನಿಂದ. ಹಲವು ಮಚ್ಚೆಗಳಿದ್ದರೆ ಒಂದಕ್ಕಿಂತ ಹೆಚ್ಚು ಕಡೆಯಿಂದ, ಪ್ರತಿಯೊಂದನ್ನೂ ಬೇರೆ ಬಾಟಲಿಯಲ್ಲಿ, ಜಾಗ ಬರೆದು. ತುಣುಕಿನಲ್ಲಿ ಒಳಚರ್ಮವೂ ಬರಬೇಕು. ಮೇಲಿನಿಂದ ಕೆರೆದು ತೆಗೆದರೆ ಜೀವಕೋಶ ಸಿಗುತ್ತದೆ, ಆದರೆ ಅದು ಕೆಳಗೆ ಇಳಿದಿದೆಯೋ ಇಲ್ಲವೋ ಎಂದು ತುಣುಕು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ಹೇಳಲು ಆಗುವುದಿಲ್ಲ.

"ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತೆ" ಎಂಬ ಮಾತು ಹಳ್ಳಿಯಲ್ಲೂ ಇದೆ, ಬೆಂಗಳೂರಲ್ಲೂ ಇದೆ. ಈ ಪಂಚ್ ಬಯಾಪ್ಸಿಯಿಂದ ಕಾಯಿಲೆ ಹರಡುವುದಿಲ್ಲ. ಬಯಾಪ್ಸಿ ಇಲ್ಲದೆ ಸುಟ್ಟರೆ ಮಾತ್ರ ದೊಡ್ಡ ನಷ್ಟ. ಸುಟ್ಟ ಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಒಳಗೆ ಪುಟ್ಟ ಕ್ಯಾನ್ಸರ್ ಇತ್ತೋ ಇಲ್ಲವೋ ಎಂದು ಆಮೇಲೆ ಯಾರಿಗೂ ಹೇಳಲು ಬರುವುದಿಲ್ಲ.

## ಹಂತ 3: ವರದಿಯಲ್ಲಿ ಯಾವ ಬಗೆ ಎಂದು ಹುಡುಕಿ

ಈ ಭಾಗದ ಕಾಯಿಲೆಗಳನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಎಸ್‌ವಿಡಿ 2015ರಲ್ಲಿ ಹೆಸರುಗಳನ್ನು ಹೀಗೆ ವಿಂಗಡಿಸಿತು: ಎಲ್‌ಎಸ್‌ಐಎಲ್ (ಲಘು ದರ್ಜೆ), ಎಚ್‌ಎಸ್‌ಐಎಲ್ (ತೀವ್ರ ದರ್ಜೆ) ಮತ್ತು ಡಿಫರೆನ್ಶಿಯೇಟೆಡ್ ವಿಐಎನ್. ಹಳೆಯ ವರದಿಗಳಲ್ಲಿ ವಿಐಎನ್ 1, 2, 3 ಎಂದಿರುತ್ತದೆ. 2 ಮತ್ತು 3 ಇವತ್ತಿನ ಎಚ್‌ಎಸ್‌ಐಎಲ್‌ಗೆ ಸೇರುತ್ತವೆ.

ಎಲ್‌ಎಸ್‌ಐಎಲ್ ಎಚ್‌ಪಿವಿ ವೈರಸ್‌ನ ಲಘು ಪರಿಣಾಮ. ಅದನ್ನು ಕ್ಯಾನ್ಸರ್‌ಪೂರ್ವ ಕಾಯಿಲೆ ಎಂದು ನೋಡುವುದಿಲ್ಲ. ತೊಂದರೆ ಕೊಡದಿದ್ದರೆ ಚಿಕಿತ್ಸೆಯೂ ಬೇಕಿಲ್ಲ.

ಎಚ್‌ಎಸ್‌ಐಎಲ್ ಹಿಂದೆ ಎಚ್‌ಪಿವಿ ಇರುತ್ತದೆ, ಅದರಲ್ಲೂ 16ನೇ ಬಗೆ ಮುಖ್ಯ. ಹಲವು ಕಡೆ ಮಚ್ಚೆ ಏಳುವುದು ಇದರಲ್ಲಿ ಜಾಸ್ತಿ. ಸಿಗರೇಟ್ ಸೇದುವವರಲ್ಲಿ, ಎಚ್‌ಐವಿಯಿಂದಲೋ ಬೇರೆ ಕಾರಣದಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದರ ಕಾಟ ಹೆಚ್ಚು. ಲ್ಯಾಬ್‌ನಲ್ಲಿ ಪಿ16 ಬಣ್ಣ ಹಾಕಿದರೆ ಇಡೀ ಪದರ ಬಣ್ಣ ಹಿಡಿಯುತ್ತದೆ.

ಡಿಫರೆನ್ಶಿಯೇಟೆಡ್ ವಿಐಎನ್, ಚಿಕ್ಕದಾಗಿ ಡಿ-ವಿಐಎನ್, ವಯಸ್ಸಾದವರಲ್ಲಿ ಬರುತ್ತದೆ. ಸಾಮಾನ್ಯವಾಗಿ ಲೈಕನ್ ಸ್ಕ್ಲೆರೋಸಸ್ ಇರುವ ಚರ್ಮದಲ್ಲೇ ಹುಟ್ಟುತ್ತದೆ. ಎಚ್‌ಪಿವಿ ಇದಕ್ಕೆ ಕಾರಣ ಅಲ್ಲ. ನೋಡಲು ಸಣ್ಣ ಮಚ್ಚೆ, ಆದರೆ ಕ್ಯಾನ್ಸರ್ ಆಗುವ ಸಾಧ್ಯತೆ ಇದರಲ್ಲೇ ಹೆಚ್ಚು, ಆಗುವುದೂ ಬೇಗ. ವರದಿಯಲ್ಲಿ ಈ ಹೆಸರು ಕಂಡರೆ ಮುಂದಿನ ಹಂತಗಳ ಅರ್ಧ ಚರ್ಚೆ ಮುಗಿಯಿತು. ಇದಕ್ಕೆ ಲೇಸರ್ ಬೇಡ, ಮುಲಾಮು ಬೇಡ. ಕತ್ತರಿಸಿ ತೆಗೆದು, ತೆಗೆದದ್ದನ್ನು ಪೂರ್ತಿ ಪರೀಕ್ಷಿಸಬೇಕು.

ವರದಿಯಲ್ಲಿ ಬಗೆ ಬರೆಯದೆ ಬರೀ "ಡಿಸ್‌ಪ್ಲೇಸಿಯಾ" ಎಂದಿದ್ದರೆ ಅಲ್ಲಿಗೇ ಬಿಡಬೇಡಿ. ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ತುಣುಕು) ಕೇಳಿ ಪಡೆದು, ಈ ಕಾಯಿಲೆ ನೋಡಿ ಅಭ್ಯಾಸವಿರುವ ಪೆಥಾಲಜಿಸ್ಟ್‌ಗೆ ತೋರಿಸಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗಳಲ್ಲಿ ಹೊರಗಿನಿಂದ ತಂದ ಸ್ಲೈಡ್‌ಗಳನ್ನು ಮತ್ತೆ ಓದಿಸುವುದು ಹೊಸದೇನಲ್ಲ.

## ಹಂತ 4: ಮಚ್ಚೆಗಳ ನಕ್ಷೆ ಬರೆಸಿ, ಕೂದಲಿನ ಗೆರೆ ಗುರುತಿಸಿ

ಚಿಕಿತ್ಸೆಗೆ ಮೊದಲು ಒಂದು ಚಿತ್ರ ಬೇಕೇ ಬೇಕು. ಯೋನಿಯ ಹೊರಭಾಗವನ್ನು ಗಡಿಯಾರ ಎಂದುಕೊಂಡು, ಮೇಲಿನ ತುದಿ 12, ಗುದದ್ವಾರದ ಕಡೆ 6 ಎಂದು ಹಿಡಿದು, ಪ್ರತಿ ಮಚ್ಚೆ ಎಷ್ಟನೇ ಅಂಕೆಯಲ್ಲಿದೆ, ಎಷ್ಟು ಉದ್ದ, ಎಷ್ಟು ಅಗಲ ಎಂದು ಬರೆಯುತ್ತಾರೆ. ಫೋಟೋ ತೆಗೆಯುವುದಾದರೆ ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಅದು ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಇರಬೇಕು, ಯಾರದ್ದೋ ಫೋನ್‌ನಲ್ಲಿ ಅಲ್ಲ.

ಇದೇ ಹೊತ್ತಿಗೆ ಗರ್ಭಕಂಠ, ಯೋನಿಯ ಒಳಭಾಗ, ಗುದದ್ವಾರದ ಸುತ್ತಲಿನ ಚರ್ಮ ಎಲ್ಲವನ್ನೂ ನೋಡಬೇಕು. ಎಚ್‌ಪಿವಿ ಒಂದೇ ಕಡೆ ಕೂರುವ ವೈರಸ್ ಅಲ್ಲ. ಹೊರಗಿನ ಮಚ್ಚೆಗೆ ಚಿಕಿತ್ಸೆ ಮಾಡಿ, ಗರ್ಭಕಂಠದಲ್ಲಿದ್ದದ್ದನ್ನು ಬಿಟ್ಟರೆ ಕೆಲಸ ಅರ್ಧ ಆದ ಹಾಗೆ.

ನಕ್ಷೆಯಲ್ಲಿ ನಾನು ಯಾವಾಗಲೂ ಒತ್ತಿ ಹೇಳುವುದು ಒಂದು ಗೆರೆಯ ಬಗ್ಗೆ. ಕೂದಲು ಬೆಳೆಯುವ ಚರ್ಮ ಎಲ್ಲಿ ಮುಗಿಯುತ್ತದೆ, ಕೂದಲಿಲ್ಲದ ಚರ್ಮ ಎಲ್ಲಿ ಶುರುವಾಗುತ್ತದೆ? ಮುಂಭಾಗದ ಉಬ್ಬು, ಹೊರ ತುಟಿಗಳ ಹೊರಬದಿ ಕೂದಲಿನ ಜಾಗ. ಒಳ ತುಟಿಗಳು, ಚಂದ್ರನಾಡಿಯ ಮೇಲಿನ ಮುಸುಕು, ಯೋನಿಯ ಬಾಯಿಯ ಸುತ್ತ ಕೂದಲಿಲ್ಲ. ಶೇವ್ ಮಾಡಿಕೊಂಡು ಹೋದರೆ ಈ ಗೆರೆ ಸರಿಯಾಗಿ ಕಾಣುವುದಿಲ್ಲ. ನಕ್ಷೆ ಬರೆಯುವ ದಿನ ಹಾಗೇ ಹೋಗಿ, ಮುಜುಗರ ಬೇಡ.

## ಹಂತ 5: ಆಳ ತೀರ್ಮಾನಿಸಿ. ಕೂದಲಿಲ್ಲದ ಕಡೆ 2 ಮಿ.ಮೀ. ಒಳಗೆ, ಕೂದಲಿರುವ ಕಡೆ 3 ಅಥವಾ ಹೆಚ್ಚು

ಕಾಯಿಲೆ ಇರುವುದು ಮೇಲ್ಚರ್ಮದಲ್ಲಿ, ಅದು ತೆಳು. ಹಾಗಿದ್ದರೆ ಮೇಲಿನಿಂದ ಸ್ವಲ್ಪ ಸುಟ್ಟರೆ ಸಾಲದಾ? ಸಾಲದು. ಮೇಲ್ಚರ್ಮ ಮೇಲೆ ಮಾತ್ರ ಹರಡಿಕೊಂಡಿಲ್ಲ. ಪ್ರತಿ ಕೂದಲಿನ ಜೊತೆ ಕೊಳವೆಯಾಗಿ ಕೆಳಗೆ ಇಳಿದಿರುತ್ತದೆ. ವಿಐಎನ್ ಕೂಡ ಆ ಕೊಳವೆಯ ಗೋಡೆ ಹಿಡಿದು ಕೆಳಗೆ ಇಳಿಯಬಲ್ಲದು. ಕೂದಲಿನ ಬುಡ ಚರ್ಮದಡಿಯ ಕೊಬ್ಬಿನವರೆಗೆ, 3 ಮಿ.ಮೀ. ಅಥವಾ ಅದಕ್ಕೂ ಕೆಳಗೆ ಹೋಗುತ್ತದೆ. ಮೇಲಷ್ಟೇ ಸುಟ್ಟರೆ ಗರಿಕೆಯನ್ನು ನೆಲಮಟ್ಟಕ್ಕೆ ಕುಯ್ದ ಹಾಗೆ. ಕೆಳಗಿನಿಂದ ಮತ್ತೆ ಚಿಗುರುತ್ತದೆ.

ಅಮೆರಿಕದ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಸಂಘ ಎಕಾಗ್ 2016ರಲ್ಲಿ ಕೊಟ್ಟ ಸಲಹೆಯೂ ಈ ಲೆಕ್ಕದ ಮೇಲೆಯೇ ನಿಂತಿದೆ. ಲೇಸರ್ ಮಾಡುವುದಾದರೆ, ಕೂದಲಿಲ್ಲದ ಚರ್ಮದಲ್ಲಿ ಒಳಚರ್ಮದ ಮೂಲಕ 2 ಮಿ.ಮೀ.ವರೆಗೆ. ಕೂದಲಿರುವ ಚರ್ಮದಲ್ಲಿ ಕೂದಲಿನ ಬುಡಗಳೂ ನಾಶವಾಗಬೇಕು, ಅಂದರೆ 3 ಮಿ.ಮೀ. ಅಥವಾ ಹೆಚ್ಚು.

ಹಾಗಾದರೆ ಎಲ್ಲಾ ಕಡೆ 4 ಮಿ.ಮೀ. ಹೋಗಿಬಿಟ್ಟರೆ ಸುರಕ್ಷಿತ ಅಲ್ವಾ? ಇಲ್ಲಿದೆ ಈ ಚಿಕಿತ್ಸೆಯ ಇಕ್ಕಟ್ಟು. ಸುಟ್ಟ ಗಾಯಕ್ಕೆ ಹೊಸ ಚರ್ಮ ಎಲ್ಲಿಂದ ಬರಬೇಕು? ಗಾಯದ ಅಂಚಿನಿಂದ ಸ್ವಲ್ಪ ಬರುತ್ತದೆ. ಉಳಿದದ್ದು ಒಳಚರ್ಮದ ಆಳದಲ್ಲಿ ಉಳಿದುಕೊಂಡ ಕೂದಲಿನ ಬುಡಗಳಿಂದ, ಗ್ರಂಥಿಗಳಿಂದ ಹುಟ್ಟಿ ಮೇಲೆ ಬರುತ್ತದೆ. ಕಾಯಿಲೆ ಅಡಗುವ ಕೊಳವೆಯೂ ಅದೇ, ಹೊಸ ಚರ್ಮ ಹುಟ್ಟುವ ಕೊಳವೆಯೂ ಅದೇ. ಎಲ್ಲವನ್ನೂ ಬುಡಸಮೇತ ಸುಟ್ಟು ಕೊಬ್ಬಿಗೆ ಇಳಿದರೆ, ಗಾಯ ಅಂಚಿನಿಂದಷ್ಟೇ ಕೂಡಿಕೊಳ್ಳಬೇಕು. ವಾಸಿಯಾಗುವುದು ನಿಧಾನ. ಚರ್ಮ ಗಟ್ಟಿಯಾಗಿ ಬಿಗಿಯುತ್ತದೆ. ಕೂರುವಾಗ, ನಡೆಯುವಾಗ, ಸಂಗಾತಿಯ ಜೊತೆ ಸೇರುವಾಗ ನೋವು ಉಳಿಯಬಹುದು.

ಅದಕ್ಕೇ ಕೂದಲಿರುವ ಜಾಗದಲ್ಲಿ ದೊಡ್ಡ ಮಚ್ಚೆ ಇದ್ದರೆ ಲೇಸರ್‌ಗಿಂತ ಕತ್ತರಿಸಿ ಹೊಲಿಗೆ ಹಾಕುವುದು ಒಳ್ಳೆಯದು. ಅಷ್ಟು ಆಳ ಹೋಗಲೇಬೇಕು ಎಂದ ಮೇಲೆ, ಸುಟ್ಟು ತೆರೆದ ಗಾಯ ಬಿಡುವುದಕ್ಕಿಂತ ತೆಗೆದು ಅಂಚುಗಳನ್ನು ಕೂಡಿಸುವುದು ಮೇಲು. ತೆಗೆದ ಚರ್ಮ ಪರೀಕ್ಷೆಗೂ ಸಿಗುತ್ತದೆ.

ಲೇಸರ್ ಹಿಡಿದವರು ಆಳವನ್ನು ಹೇಗೆ ಗುರುತಿಸುತ್ತಾರೆ? ಸ್ಕೇಲ್ ಇಟ್ಟು ಅಳೆಯುವುದು ಕಷ್ಟ. ಕಾಲ್ಪೋಸ್ಕೋಪ್‌ಗೆ ಜೋಡಿಸಿದ ಸಿಒ2 ಲೇಸರ್ ಒಂದೊಂದೇ ಪದರ ತೆಗೆಯುತ್ತಾ ಹೋಗುತ್ತದೆ. ಪ್ರತಿ ಪದರ ಆದ ಮೇಲೆ ಕರಕಲನ್ನು ಒದ್ದೆ ಗಾಜ್‌ನಿಂದ ಒರೆಸಿ ತಳವನ್ನು ನೋಡಬೇಕು. ಮೇಲ್ಚರ್ಮ ಹೋದಾಗ ತಳ ನಯವಾಗಿ ಗುಲಾಬಿ ಬಣ್ಣ ಇರುತ್ತದೆ. ಒಳಚರ್ಮದ ಮೇಲಿನ ಪದರಕ್ಕೆ ಬಂದಾಗ ಹಳದಿ ಛಾಯೆ ಬರುತ್ತದೆ. ಇನ್ನೂ ಕೆಳಗೆ, ಒಳಚರ್ಮದ ನಡುಭಾಗದಲ್ಲಿ, ಬೆಳ್ಳಗಿನ ದಪ್ಪ ನಾರುಗಳು ಎದ್ದು ಕಾಣುತ್ತವೆ. ಕೊಬ್ಬು ಕಂಡಿತೆಂದರೆ ಲೇಸರ್‌ಗೆ ಹೇಳಿದ ಮಿತಿ ದಾಟಿತು. ಒರೆಸದೆ, ಕರಕಲಿನ ಮೇಲೆಯೇ ಮತ್ತೆ ಮತ್ತೆ ಲೇಸರ್ ಹಾಯಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಆಗ ಆಳ ಕಾಣುವುದಿಲ್ಲ, ಬಿಸಿ ಮಾತ್ರ ಕೆಳಗೆ ಇಳಿಯುತ್ತಲೇ ಇರುತ್ತದೆ.

ಬಿಸಿಯ ವಿಷಯಕ್ಕೆ ಇನ್ನೊಂದು ಮಾತು. ಕಣ್ಣಿಗೆ ಕಾಣುವ ಕುಳಿಗಿಂತ ನಿಜವಾದ ಸುಟ್ಟ ಆಳ ಜಾಸ್ತಿ. ಕಡಿಮೆ ಶಕ್ತಿಯಲ್ಲಿ ನಿಧಾನವಾಗಿ ಸುಟ್ಟರೆ ಬಿಸಿ ಸುತ್ತಮುತ್ತಲಿನ ಒಳ್ಳೆಯ ಚರ್ಮಕ್ಕೂ ಹರಡುತ್ತದೆ. ಅದಕ್ಕೇ ಪ್ರತಿ ಚದರ ಸೆಂ.ಮೀ.ಗೆ 750ರಿಂದ 1,250 ವ್ಯಾಟ್ ಸಾಂದ್ರತೆ ಇಟ್ಟುಕೊಂಡು, ಒಂದೇ ಕಡೆ ನಿಲ್ಲದೆ ಕೆಲಸ ಮಾಡಬೇಕು ಎನ್ನುತ್ತಾರೆ. ಸಾದಾ ಕಾಟರಿಯಲ್ಲಿ (ವಿದ್ಯುತ್ತಿನಿಂದ ಸುಡುವ ಉಪಕರಣ) ಇಂಥ ಹಿಡಿತ ಸಿಗುವುದಿಲ್ಲ. ನರುಳೆ ಸುಡಲು ಅದು ಸಾಕು. ವಿಐಎನ್‌ಗೆ ಅದನ್ನೇ ಬಳಸುತ್ತೇವೆ ಎಂದರೆ, ಆಳವನ್ನು ಹೇಗೆ ನೋಡುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ.

ಬ್ಯೂಟಿ ಕ್ಲಿನಿಕ್‌ಗಳಲ್ಲಿ "ಇಂಟಿಮೇಟ್ ಲೇಸರ್" ಎಂದು ಮಾಡುವುದು ಬೇರೆಯೇ ಸಂಗತಿ. ಹೆಸರು ಒಂದೇ ಎಂದು ವಿಐಎನ್ ಇಟ್ಟುಕೊಂಡು ಅಲ್ಲಿಗೆ ಹೋಗಬೇಡಿ.

## ಹಂತ 6: ವಿಧಾನ ಆರಿಸಿ

ಕತ್ತರಿಸಿ ತೆಗೆಯುವುದು. ಕ್ಯಾನ್ಸರ್ ಇರಬಹುದು ಎಂಬ ಸಣ್ಣ ಅನುಮಾನ ಇದ್ದರೂ ಇದೇ ದಾರಿ. ಬಯಾಪ್ಸಿಯಲ್ಲಿ ಬರೀ ವಿಐಎನ್ ಕಂಡು, ಪೂರ್ತಿ ತೆಗೆದ ಮೇಲೆ ಒಳಗೆ ಕ್ಯಾನ್ಸರ್ ಸಿಕ್ಕ ಉದಾಹರಣೆಗಳು ಇವೆ. ಡಿ-ವಿಐಎನ್‌ಗೂ ಇದೇ. ಕಾಣುವ ಮಚ್ಚೆಯ ಸುತ್ತ 5ರಿಂದ 10 ಮಿ.ಮೀ. ಅಂಚು, ಕೆಳಗೆ ಚರ್ಮದ ಪೂರ್ತಿ ದಪ್ಪ. ವಿಐಎನ್‌ಗಾಗಿ ಸ್ನಾಯುವಿನ ಹೊದಿಕೆಯವರೆಗೆ ಆಳವಾಗಿ ಕೊರೆಯುವ ಅಗತ್ಯ ಇಲ್ಲ. ಅದು ಕ್ಯಾನ್ಸರ್ ಆಪರೇಶನ್‌ನ ಆಳ. ಚಂದ್ರನಾಡಿ, ಮೂತ್ರದ್ವಾರ, ಗುದದ್ವಾರದ ಹತ್ತಿರ ಅಂಚನ್ನು ಕಡಿಮೆ ಮಾಡಿಕೊಳ್ಳಬಹುದು. ಅಲ್ಲಿ ಕೆಲವು ಮಿಲಿಮೀಟರ್‌ಗಾಗಿ ಅಂಗವನ್ನೇ ಕೆಡಿಸುವುದು ಸರಿಯಲ್ಲ. ಇಡೀ ಹೊರಭಾಗದ ಚರ್ಮ ತೆಗೆದು ಬೇರೆ ಕಡೆಯ ಚರ್ಮ ಕೂರಿಸುವ ಆಪರೇಶನ್ ತೀರಾ ಹರಡಿದ ಕಾಯಿಲೆಗೆ ಮಾತ್ರ. ಯಾರಾದರೂ ಮೊದಲ ಭೇಟಿಯಲ್ಲೇ ಅದನ್ನು ಹೇಳಿದರೆ ಎರಡನೇ ಅಭಿಪ್ರಾಯ ಪಡೆಯಿರಿ.

ಲೇಸರ್. ಎಚ್‌ಎಸ್‌ಐಎಲ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿ, ಕ್ಯಾನ್ಸರ್ ಅನುಮಾನ ಇಲ್ಲದಿದ್ದಾಗ. ಒಳ ತುಟಿ, ಚಂದ್ರನಾಡಿಯ ಸುತ್ತಮುತ್ತ ಆಕಾರ ಉಳಿಸಿಕೊಳ್ಳಬೇಕಾದ ಕಡೆ ಇದು ಬಹಳ ಉಪಯೋಗಿ. ಇದಕ್ಕೂ ಸುತ್ತ 5ರಿಂದ 10 ಮಿ.ಮೀ. ಅಂಚು ಬೇಕು.

ಇಮಿಕ್ವಿಮೋಡ್ 5% ಮುಲಾಮು. ಇದು ಚರ್ಮವನ್ನು ಸುಡುವ ಔಷಧಿ ಅಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನು ಆ ಜಾಗಕ್ಕೆ ಎಬ್ಬಿಸಿ ತರುತ್ತದೆ. ಇಲ್ಲಿ ಆಳದ ಲೆಕ್ಕ ಬರುವುದಿಲ್ಲ. ಆಸ್ಟ್ರಿಯಾದ ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದಲ್ಲಿ, ಮುಲಾಮು ಹಚ್ಚಿದವರಲ್ಲಿ 80%, ಆಪರೇಶನ್ ಆದವರಲ್ಲಿ 79% ಮಂದಿಗೆ ಮಚ್ಚೆ ಪೂರ್ತಿ ಹೋಗಿತ್ತು. ಎಚ್‌ಎಸ್‌ಐಎಲ್ ಇರುವ, ಕ್ಯಾನ್ಸರ್ ಅನುಮಾನ ಇಲ್ಲದ ಹೆಂಗಸರು ಆಪರೇಶನ್‌ಗೆ ಮೊದಲು ಈ ಆಯ್ಕೆಯ ಬಗ್ಗೆ ಕೇಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಇದರಲ್ಲಿ ಸೋಲುವುದು ತಾಳ್ಮೆ ಕೈಕೊಟ್ಟಾಗ. ವಾರಕ್ಕೆ 2 ಅಥವಾ 3 ರಾತ್ರಿ ಮಚ್ಚೆಗೆ ಮಾತ್ರ ತೆಳುವಾಗಿ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ಹೀಗೆ 12ರಿಂದ 20 ವಾರ. ಜಾಗ ಕೆಂಪಾಗಿ ಉರಿಯುತ್ತದೆ, ಕೆಲವರಿಗೆ ಮೈಕೈ ನೋವು, ಜ್ವರದ ಹಾಗೆ ಆಗುತ್ತದೆ. ಅಷ್ಟಕ್ಕೇ ಹೆದರಿ ಬಿಟ್ಟುಬಿಡುತ್ತಾರೆ. ಉರಿ ತಡೆಯಲಾಗದಿದ್ದರೆ ವೈದ್ಯರಿಗೆ ಹೇಳಿ ಕೆಲವು ದಿನ ಬಿಡುವು ಕೊಟ್ಟು, ಕಡಿಮೆ ಸಲ ಹಚ್ಚುತ್ತಾ ಮುಂದುವರಿಸಬಹುದು. 4ರಿಂದ 6 ವಾರಕ್ಕೊಮ್ಮೆ ತೋರಿಸಬೇಕು. ಬಸುರಿಯರಿಗೆ ಇದು ಬೇಡ. ಮುಲಾಮು ಕಾಂಡೋಮನ್ನು ದುರ್ಬಲ ಮಾಡುತ್ತದೆ ಎನ್ನುವುದೂ ಗೊತ್ತಿರಲಿ. ಮಚ್ಚೆ ಹೋಗದಿದ್ದರೆ ಮತ್ತೆ ಬಯಾಪ್ಸಿ ಮಾಡಿ ಬೇರೆ ವಿಧಾನಕ್ಕೆ ಹೋಗಬೇಕು.

## ಹಂತ 7: ಆಪರೇಶನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಕಾಗದದಲ್ಲಿ ಬರೆದುಕೊಂಡು ಹೋಗಿ. ಮುಜುಗರದಲ್ಲಿ ಅರ್ಧ ಮರೆತುಹೋಗುತ್ತದೆ.

1. ನನ್ನದು ಎಚ್‌ಎಸ್‌ಐಎಲ್ಲಾ, ಡಿ-ವಿಐಎನ್ನಾ?
2. ಮಚ್ಚೆ ಕೂದಲಿರುವ ಚರ್ಮದಲ್ಲಿದೆಯಾ, ಇಲ್ಲದ ಕಡೆಯಾ, ಎರಡರಲ್ಲೂ ಇದೆಯಾ?
3. ಎಲ್ಲೆಲ್ಲಿ ಎಷ್ಟು ಆಳ, ಎಷ್ಟು ಅಂಚು ತೆಗೆಯುತ್ತೀರಿ?
4. ತೆಗೆದದ್ದನ್ನು ಪೂರ್ತಿ ಲ್ಯಾಬ್‌ಗೆ ಕಳಿಸುತ್ತೀರಾ?
5. ಚಂದ್ರನಾಡಿ, ಮೂತ್ರದ್ವಾರದ ಹತ್ತಿರ ಏನು ಉಳಿಸುತ್ತೀರಿ?

ಮೂರನೇ ಪ್ರಶ್ನೆಗೆ "ಅದೆಲ್ಲ ನಮಗೆ ಬಿಡಿ" ಎಂಬ ಉತ್ತರ ಮಾತ್ರ ಸಿಕ್ಕರೆ, ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಬಳಿ ಇನ್ನೊಮ್ಮೆ ತೋರಿಸಿ. ಕೆಲವು ದಿನ ತಡವಾದರೆ ವಿಐಎನ್‌ನಲ್ಲಿ ತೊಂದರೆ ಇಲ್ಲ.

ತೆಗೆದ ಚರ್ಮಕ್ಕೆ 12 ಗಂಟೆಯ ಕಡೆ ಒಂದು ದಾರ ಕಟ್ಟಿ, ಮಡಚಿಕೊಳ್ಳದ ಹಾಗೆ ಚಪ್ಪಟೆಯಾಗಿ ಪಿನ್ ಮಾಡಿ ಫಾರ್ಮಲಿನ್‌ಗೆ ಹಾಕಬೇಕು. ದಾರ ಇಲ್ಲದಿದ್ದರೆ, "ಅಂಚಿನಲ್ಲಿ ಕಾಯಿಲೆ ಇದೆ" ಎಂದು ವರದಿ ಬಂದಾಗ ಯಾವ ಅಂಚು ಎಂದು ಯಾರಿಗೂ ಗೊತ್ತಾಗುವುದಿಲ್ಲ.

## ಹಂತ 8: ಮನೆಯಲ್ಲಿ ಗಾಯದ ಆರೈಕೆ

ಲೇಸರ್ ಗಾಯ ವಾಸಿಯಾಗಲು ಕೆಲವು ವಾರ ಬೇಕು. ನೋವು ಮೊದಲ ದಿನಕ್ಕಿಂತ ಆಮೇಲಿನ ದಿನಗಳಲ್ಲಿ ಹೆಚ್ಚಾಗಬಹುದು. ಇದನ್ನು ಮೊದಲೇ ಹೇಳಿರದಿದ್ದರೆ ಜನ ಗಾಬರಿಯಾಗುತ್ತಾರೆ.

ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಕೂರಿ. ಡೆಟಾಲ್, ಅರಿಶಿನ, ಬೇವಿನ ನೀರು ಏನೂ ಬೇಡ. ಮೂತ್ರ ಮಾಡುವಾಗ ಮಗ್‌ನಿಂದ ನೀರು ಹೊಯ್ದುಕೊಳ್ಳುತ್ತಾ ಮಾಡಿದರೆ ಉರಿ ಕಡಿಮೆ. ಒರೆಸುವಾಗ ಉಜ್ಜಬೇಡಿ, ಮೆತ್ತಗೆ ಒತ್ತಿ. ವೈದ್ಯರು ಹೇಳಿದ ಮರಗಟ್ಟಿಸುವ ಜೆಲ್, ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಸಡಿಲ ಹತ್ತಿ ಬಟ್ಟೆ ಸಾಕು. ಮನೆಯಲ್ಲಿ ಒಳಉಡುಪು ಇಲ್ಲದೆ ಸೀರೆ, ನೈಟಿಯಲ್ಲಿರುವುದು ಇನ್ನೂ ಒಳ್ಳೆಯದು. ಮಲಬದ್ಧತೆ ಆಗದ ಹಾಗೆ ನೀರು, ಸೊಪ್ಪು, ಹಣ್ಣು ಜಾಸ್ತಿ ತೆಗೆದುಕೊಳ್ಳಿ.

ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸ ಇದೆ. ಎರಡು ತುಟಿಗಳ ಒಳಬದಿಯಲ್ಲಿ ಎದುರುಬದುರು ಗಾಯ ಇದ್ದರೆ, ವಾಸಿಯಾಗುವಾಗ ಅವು ಒಂದಕ್ಕೊಂದು ಅಂಟಿಕೊಳ್ಳಬಹುದು. ಕೈ ಚೆನ್ನಾಗಿ ತೊಳೆದುಕೊಂಡು ದಿನವೂ ಮೆತ್ತಗೆ ಬಿಡಿಸಿ, ಮಧ್ಯೆ ಜೆಲ್ಲಿ ಹಚ್ಚಬೇಕು. ನೋವಾಗುತ್ತದೆ ಎಂದು ವಾರ ಬಿಟ್ಟರೆ ಬಿಡಿಸಲು ಮತ್ತೆ ಆಸ್ಪತ್ರೆಗೇ ಹೋಗಬೇಕಾದೀತು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು: ಪ್ಯಾಡ್ ತೊಯ್ಯುವಷ್ಟು ರಕ್ತ, ಚಳಿಜ್ವರ, ಕೀವು, ಕೆಟ್ಟ ವಾಸನೆ, ಸುತ್ತಲೂ ಹರಡುವ ಕೆಂಪು, ಮೂತ್ರ ಕಟ್ಟಿಕೊಳ್ಳುವುದು, ಕಾಲಿನ ಮೀನಖಂಡ ಊದಿ ನೋಯುವುದು.

## ಹಂತ 9: ವರದಿ ಓದಿ, ಫಾಲೋಅಪ್ ಬಿಡಬೇಡಿ

ಕತ್ತರಿಸಿ ತೆಗೆದಿದ್ದರೆ ವರದಿಯಲ್ಲಿ ಮೂರು ಸಂಗತಿ ಹುಡುಕಿ: ವಿಐಎನ್‌ನ ಬಗೆ, ಒಳಗೆ ಕ್ಯಾನ್ಸರ್ ಸಿಕ್ಕಿದೆಯೇ (ಸಿಕ್ಕಿದ್ದರೆ ಎಷ್ಟು ಮಿ.ಮೀ. ಆಳ), ಅಂಚುಗಳು ಶುದ್ಧವಾಗಿವೆಯೇ. ಅಂಚಿನಲ್ಲಿ ಎಚ್‌ಎಸ್‌ಐಎಲ್ ಉಳಿದಿದೆ ಎಂದರೆ ಮರುಕಳಿಸುವ ಸಾಧ್ಯತೆ ಹೆಚ್ಚು, ಆದರೆ ತಕ್ಷಣ ಮತ್ತೆ ಕತ್ತರಿಸಲೇಬೇಕು ಎಂದಲ್ಲ. ಕಾಣುವ ಮಚ್ಚೆ ಇಲ್ಲದಿದ್ದರೆ ಹತ್ತಿರದಿಂದ ಗಮನಿಸುತ್ತಾ ಹೋಗಬಹುದು. ಡಿ-ವಿಐಎನ್ ಉಳಿದಿದ್ದರೆ ಮತ್ತೆ ತೆಗೆಯುವ ಬಗ್ಗೆ ಗಂಭೀರವಾಗಿ ಮಾತಾಡಬೇಕು.

ಯಾವ ವಿಧಾನ ಆದರೂ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಮರುಕಳಿಸುತ್ತದೆ. ಅದಕ್ಕೆ ನೀವು ತಪ್ಪು ಮಾಡಿದಿರಿ ಎಂದೇನೂ ಅಲ್ಲ. ವೈರಸ್ ಸುತ್ತಲಿನ ಚರ್ಮದಲ್ಲೂ ಇರುತ್ತದೆ. 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ತೋರಿಸುವುದು ಕನಿಷ್ಠ ಲೆಕ್ಕ. ಡಿ-ವಿಐಎನ್, ಲೈಕನ್ ಸ್ಕ್ಲೆರೋಸಸ್ ಅಥವಾ ಎಚ್‌ಐವಿ ಇರುವವರು ಇನ್ನೂ ಬೇಗ ಬೇಗ ಬರಬೇಕು. ಲೈಕನ್ ಸ್ಕ್ಲೆರೋಸಸ್ ಇದ್ದರೆ ತುರಿಕೆ ನಿಂತ ಮೇಲೂ ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹೇಳಿದ ಕ್ರಮದಲ್ಲೇ ಮುಂದುವರಿಸಿ. ಸಿಗರೇಟ್ ಇದ್ದರೆ ಬಿಡಿ, ಮರುಕಳಿಸುವುದಕ್ಕೂ ಅದಕ್ಕೂ ನೇರ ನಂಟಿದೆ. ಗರ್ಭಕಂಠದ ತಪಾಸಣೆಯನ್ನೂ ಇದರ ಜೊತೆಗೇ ಇಟ್ಟುಕೊಳ್ಳಿ.

ತಿಂಗಳಿಗೊಮ್ಮೆ ಸ್ನಾನ ಆದ ಮೇಲೆ, ಒಳ್ಳೆಯ ಬೆಳಕಲ್ಲಿ ಕೈಗನ್ನಡಿ ಹಿಡಿದು ನೀವೇ ನೋಡಿಕೊಳ್ಳಿ. ಹೊಸ ಬಣ್ಣ, ಹೊಸ ಒರಟು, ವಾಸಿಯಾಗದ ಗೀರು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ. ಹೋಗುವಾಗ ಹಳೆಯ ಬಯಾಪ್ಸಿ ವರದಿ, ಆಪರೇಶನ್ ನೋಟ್ಸ್, ಗಡಿಯಾರದ ನಕ್ಷೆ ಮೂರನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಹೊಸ ಮಚ್ಚೆ ಹಳೆಯ ಗಾಯದ ಮೇಲೆಯೇ ಎದ್ದಿದೆಯೋ, ಬೇರೆ ಕಡೆಯೋ ಎಂದು ವೈದ್ಯರು ಆ ನಕ್ಷೆ ನೋಡಿ ಹೇಳಬಹುದು. ಮೊದಲ ಸಲ ಆಳ ಸಾಲದೆ ಹೋಗಿತ್ತೇ ಎನ್ನುವ ಪ್ರಶ್ನೆಗೆ ಉತ್ತರ ಹುಡುಕುವುದೂ ಅಲ್ಲಿಂದಲೇ.